ಎಡಗೋಡೆಯ ಸದ್ದು

ನಮ್ಮೂರಿನಲ್ಲಿ ವರ್ಷಕ್ಕೊಮ್ಮೆ, ಮೊದಲ ಗುಡುಗಿನ ರಾತ್ರಿ, ಮನೆಗಳು ಎದ್ದು ಜಾಗ ಬದಲಿಸುತ್ತವೆ. ಅದಕ್ಕೆ ನಾವೇನೂ ಮಾಡುವ ಹಾಗಿಲ್ಲ. ಗುಡುಗಿದ ಕೂಡಲೆ ಹೆಂಗಸರು ಅಟ್ಟದ ಮೇಲಿನ ಪಾತ್ರೆಗಳನ್ನು ನೆಲಕ್ಕಿಳಿಸುತ್ತಾರೆ, ಗಂಡಸರು ಬಟ್ಟೆ ಒಣಹಾಕುವ ತಂತಿ ಬಿಚ್ಚಿ ಸುತ್ತಿಡುತ್ತಾರೆ, ಹಸುವಿದ್ದವರು ಹಸುವನ್ನು ನಡುಮನೆಯಲ್ಲೇ ಕಟ್ಟಿಕೊಳ್ಳುತ್ತಾರೆ. ಆಮೇಲೆ ಎಲ್ಲರೂ ಹೊದ್ದು ಮಲಗುವುದಷ್ಟೇ. ಬೆಳಗ್ಗೆ ಬಾಗಿಲು ತೆಗೆದರೆ ಎದುರಿಗೆ ಬೇರೆ ಬೀದಿ, ಪಕ್ಕದಲ್ಲಿ ಬೇರೆ ಮನೆ. ಬಾವಿ, ಗುಡಿ, ಶಾಲೆ, ಅಂಗಡಿಗಳು ಮಾತ್ರ ಇದ್ದಲ್ಲೇ ಇರುತ್ತವೆ. ನನ್ನ ಝೆರಾಕ್ಸ್ ಅಂಗಡಿಯೂ ಇದ್ದಲ್ಲೇ ಇದೆ. ಒಂದು ವರ್ಷ ನನ್ನ ಹೆಂಡತಿ ಬೆಳಗ್ಗೆ ಹಾಲು ತರಲು ಹೋದವಳು ಮಧ್ಯಾಹ್ನ ಊಟದ ಹೊತ್ತಿಗೆ ಬಂದು, ಅಷ್ಟು ಹೊತ್ತೂ ಮನೆ ಹುಡುಕುತ್ತಿದ್ದೆ ಎಂದಳು. ನನಗೆ ಈಗಲೂ ಅನುಮಾನವಿದೆ, ಆದರೆ ಕೇಳಿ ಜಗಳ ತಂದುಕೊಳ್ಳುವವರು ಯಾರು.

ಮನೆ ಎಲ್ಲಿ ಹೋಗಿ ಕೂತರೂ ನಾವು ತಲೆ ಕೆಡಿಸಿಕೊಳ್ಳುವುದಿಲ್ಲ. ಕೆಡಿಸಿಕೊಳ್ಳುವುದು ಬಲಮನೆ ಯಾರದು ಎಂಬುದಕ್ಕೆ. ನಿಮ್ಮ ಮನೆಯ ಇನ್ನೊಂದು ಬೀಗದ ಕೈ ಇಟ್ಟುಕೊಳ್ಳುವವರು ಬಲಮನೆಯವರು. ನಿಮಗೆ ಜ್ವರ ಬಂದರೆ ಗಂಜಿ ತರುವವರು ಅವರು. ಹೆಣ್ಣುಮಗಳಿಗೆ ನೋವು ಕಾಣಿಸಿಕೊಂಡರೆ ಆಸ್ಪತ್ರೆಗೆ ಜೊತೆಯಲ್ಲಿ ಗಾಡಿ ಹತ್ತುವವಳು, ಹುಟ್ಟಿದ ಕೂಸನ್ನು ಮೊದಲು ಮಡಿಲಿಗೆ ಹಾಕಿಕೊಳ್ಳುವವಳು ಬಲಮನೆಯ ಹೆಂಗಸು. ಹೆತ್ತ ತಾಯಿಯಾದರೂ ಆಮೇಲೆಯೇ. ಇದರಲ್ಲಿ ಒಂದು ಸೂಕ್ಷ್ಮವಿದೆ. ಬಲಮನೆಯನ್ನು ನೀವಾಗಿ ಆರಿಸಿಕೊಳ್ಳುವಂತಿಲ್ಲ. ಮನೆಗಳು ಕೂತ ಮೇಲೆ ಲೆಕ್ಕ ಬರೆಯಲು ಎಣಿಕೆಯವರು ಬಂದಾಗ ಪ್ರತಿಯೊಬ್ಬರೂ ತಮ್ಮ ಎಡಕ್ಕೆ ಯಾರಿದ್ದಾರೆ ಎಂದಷ್ಟೇ ಹೇಳಬೇಕು. ಯಾರು ನಿಮ್ಮ ಹೆಸರು ಹೇಳುತ್ತಾರೋ ಅವರು ನಿಮ್ಮ ಬಲ. ಎಲ್ಲರೂ ಎಡ ಹೇಳಿದರೆ ಎಲ್ಲರ ಬಲವೂ ತಾನಾಗಿ ತಿಳಿಯುತ್ತದೆ. ಒಂದು ಬೀದಿಯ ಕೊನೆಮನೆಯ ಎಡಕ್ಕೆ ಮುಂದಿನ ಬೀದಿಯ ಮೊದಲ ಮನೆ ಎಂದು ಲೆಕ್ಕ, ಹಾಗಾಗಿ ಊರೇ ಒಂದು ಬಳೆಯ ಹಾಗೆ ಸುತ್ತಿ ಬಂದು ಕೂಡಿಕೊಳ್ಳುತ್ತದೆ.

ಎಣಿಕೆ ಮುಗಿದ ಮೇಲೆ ಮನೆಗೊಂದು ಚೀಟಿ. ನಿಮ್ಮ ಎಡ ಇಂಥವರು, ಬಲ ಇಂಥವರು. ಅದನ್ನು ಬಾಗಿಲಿಗೆ ಅಂಟಿಸುವವರೆಗೆ ಅಕ್ಕಪಕ್ಕದವರು ಒಬ್ಬರ ಹೊಸ್ತಿಲು ಒಬ್ಬರು ದಾಟುವಂತಿಲ್ಲ, ಹೆಪ್ಪಿಗೆ ಒಂದು ಹನಿ ಮೊಸರು ಕೂಡ ಕೇಳುವಂತಿಲ್ಲ. ಚೀಟಿ ಅಂಟಿದ ಗಳಿಗೆಯಲ್ಲಿ ಇಡೀ ಊರು ಬಟ್ಟಲು ಹಿಡಿದು ಹೊರಗೆ ಬರುತ್ತದೆ. ಅದನ್ನು ನೋಡುವುದೇ ಒಂದು ಸಂತೋಷ.

ಹಿಂದೆ ಚೀಟಿಯನ್ನು ಕೈಯಲ್ಲಿ ಬರೆಯುತ್ತಿದ್ದರು. ಮೂರು ವರ್ಷದ ಕೆಳಗೆ ಊರ ಕಚೇರಿಯ ಪರಶಿವಯ್ಯನವರು ಟ್ಯಾಬ್ ತರಿಸಿದರು. ಶಾಲೆಯ ಮೇಷ್ಟರುಗಳು ಮನೆಮನೆಗೆ ಹೋಗಿ ಟ್ಯಾಬಿನ ಫಾರಂ ತುಂಬುವುದು, ಕಚೇರಿಯ ಸುಗುಣ ಅದನ್ನು ರಿಪೋರ್ಟ್ ಮಾಡುವುದು, ನನ್ನ ಅಂಗಡಿಯಲ್ಲಿ ಚೀಟಿ ಪ್ರಿಂಟ್ ಆಗುವುದು, ಹೀಗೆ ಏರ್ಪಾಟು. ಫಾರಂ ಮಾಡಿದವಳೂ ಸುಗುಣಳೇ, ಟೆಂಪ್ಲೇಟ್ ಮಾಡಿದವಳೂ ಅವಳೇ. ಟೆಂಪ್ಲೇಟ್ ಎಂದರೇನು ಎಂದು ನಾನು ಕೇಳಿದ್ದಕ್ಕೆ, ಚಕ್ಕುಲಿ ಒರಳಿನ ಬಿಲ್ಲೆ ಇದ್ದ ಹಾಗೆ ಎಂದಿದ್ದಳು. ಹಿಟ್ಟು ಎಂದರೆ ಜನರ ಉತ್ತರ. ಬಿಲ್ಲೆಯಲ್ಲಿ ಯಾವ ಆಕಾರದ ತೂತಿದೆಯೋ ಆ ಆಕಾರದಲ್ಲಿ ಹಿಟ್ಟು ಇಳಿಯುತ್ತದೆ.

ಸುಗುಣ ಗಟ್ಟಿ ಹೆಂಗಸು. ನಲವತ್ತರ ಹತ್ತಿರ ವಯಸ್ಸು, ಒಂಟಿ, ಕಚೇರಿಯಲ್ಲಿ ಯಾರಿಗೂ ಹೆದರುವುದಿಲ್ಲ. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟರೆ ಅನ್ನ ಇಳಿಯದ ಜಾತಿ. ಕಳೆದ ವರ್ಷ ಅವಳಿಗೆ ಟೈಫಾಯಿಡ್ ಬಂದು ಹಾಸಿಗೆ ಹಿಡಿದಾಗ ಬಲಮನೆಯಾಗಿ ಸಿಕ್ಕಿದ್ದವಳು ಟೈಲರ್ ಭಾಗೀರಥಮ್ಮ. ಬಾಯಿ ಮಾತ್ರ ಬಲು ಜೋರು ಆ ಭಾಗೀರಥಮ್ಮನದು. ಗಂಜಿ ಕುಡಿಸುತ್ತಲೇ ಬೈದಳಂತೆ, ತಲೆಗೆ ಒದ್ದೆ ಬಟ್ಟೆ ಹಾಕುತ್ತಲೇ ಬೈದಳಂತೆ, ಬೈಯುತ್ತ ಬೈಯುತ್ತಲೇ ಬದುಕಿಸಿಬಿಟ್ಟಳಂತೆ. ಆಮೇಲೆ ಗುಡುಗು ಬಂತು, ಮನೆಗಳು ಎದ್ದವು, ಸುಗುಣಳ ಮನೆ ಕೆರೆಯ ಕಡೆಗೆ ಹೋಯಿತು. ಅವಳಿಗೆ ಬಹಳ ಬೇಜಾರಾಗಿತ್ತು.

ಈ ವರ್ಷ ಮೇಷ್ಟರುಗಳು ಎಣಿಕೆ ಮುಗಿಸಿದರು. ಸುಗುಣ ಲ್ಯಾಪ್‌ಟಾಪ್ ಹಿಡಿದು ನನ್ನ ಅಂಗಡಿಗೆ ಬಂದಳು. ನಾನು ಹೊಸ ಕಾಗದದ ಕಟ್ಟು ಒಡೆದು, ಅಂಟು ಕಾಯಿಸಿ, ಎಲ್ಲ ಸಿದ್ಧ ಮಾಡಿಕೊಂಡಿದ್ದೆ. ಅವಳು ಗುಂಡಿ ಒತ್ತಿದಳು. ಒಂದು ಚೀಟಿಯೂ ಬರಲಿಲ್ಲ. ತೆರೆಯ ಮೇಲೆ ರಿಪೋರ್ಟಿನಲ್ಲಿ ದೋಷವಿದೆ ಎಂದು ಬಂತು. ಎಲ್ಲಿದೆ, ಏನು ದೋಷ, ಒಂದೂ ಇಲ್ಲ. ನೋವಿಗೆ ಅಳುವ ಕೂಸು ಎಲ್ಲಿ ನೋವು ಎಂದು ಹೇಳುತ್ತದೆಯೇ, ಹಾಗೆ.

ಮೊದಲ ದಿನ ಸುಗುಣ ತಪ್ಪು ಬಿಲ್ಲೆಯದೇ ಎಂದುಕೊಂಡಳು. ಟೆಂಪ್ಲೇಟಿನಲ್ಲಿ ಪ್ರತಿ ಮನೆಗೂ ಒಂದೊಂದು ಚೀಟಿ ಬರಲಿ ಎಂದು ಸುತ್ತು ಶುರುಮಾಡುವ ಗುರುತು ಒಂದು, ಮುಗಿಸುವ ಗುರುತು ಒಂದು ಇರುತ್ತದಂತೆ. ಮುಗಿಸುವ ಗುರುತು ಅಳಿಸಿಹೋಗಿತ್ತು. ಅದನ್ನು ಹಾಕಿದಳು. ಒಂದು ಕಡೆ ಗುರುತಿನ ಒಳಗೆ ಕಾಣದ ಹಾಗೆ ಒಂದು ಖಾಲಿ ಜಾಗ ಸೇರಿಕೊಂಡಿತ್ತು, ತೆಗೆದಳು. ಇನ್ನೇನು ಆಯಿತು ಎಂದು ಇಬ್ಬರೂ ಟೀ ತರಿಸಿಕೊಂಡು ಕುಡಿದು ಗುಂಡಿ ಒತ್ತಿದೆವು. ಅದೇ ದೋಷ. ಟೀ ದಂಡವಾಯಿತು.

ಮಾರನೆಯ ದಿನದಿಂದ ನನ್ನ ಅಂಗಡಿಯ ಮುಂದೆ ಜನ ಜಮಾಯಿಸತೊಡಗಿದರು. ಚೀಟಿ ಇಲ್ಲ, ಹೆಪ್ಪಿಗೆ ಮೊಸರಿಲ್ಲ. ಹಾಲು ಕೆಡುತ್ತಿದೆ ಎಂದು ಒಬ್ಬರು. ಬೀಗದ ಕೈ ಒಳಗೇ ಬಿಟ್ಟು ಬಾಗಿಲು ಹಾಕಿಕೊಂಡೆ, ಇನ್ನೊಂದು ಯಾರ ಹತ್ತಿರ ಕೊಟ್ಟಿರಲಿ ಎಂದು ಇನ್ನೊಬ್ಬರು, ಪಾಪ, ಅವರು ಎರಡು ರಾತ್ರಿ ಗುಡಿಯ ಜಗಲಿಯ ಮೇಲೆ ಮಲಗಿದ್ದರು. ಗುಮ್ಮಟದ ಹಾಗೆ ಊದಿದ ಕೆನ್ನೆ ತೋರಿಸಿ, ಹಲ್ಲುನೋವಿಗೆ ಲವಂಗ ಕೇಳುವುದಕ್ಕೂ ಗತಿಯಿಲ್ಲವಲ್ಲ ಎಂದು ಮುದುಕರೊಬ್ಬರು ಗೋಳಾಡಿದರು. ಲವಂಗ ನಾನೇ ಕೊಡುತ್ತಿದ್ದೆ, ಆದರೆ ನಾನು ಅವರ ಎಡವೂ ಅಲ್ಲ, ಬಲವೂ ಅಲ್ಲ, ಎಡಬಲದವರಲ್ಲದವರು ಕೊಟ್ಟದ್ದನ್ನು ನಮ್ಮೂರಿನಲ್ಲಿ ಮುಟ್ಟುವುದಿಲ್ಲ. ಎಲ್ಲರೂ ಸುಗುಣಳ ಬೆನ್ನ ಹಿಂದೆ ನಿಂತು ಇಣುಕುವುದು, ನಿಟ್ಟುಸಿರು ಬಿಡುವುದು. ಕೈಯಲ್ಲಿ ಬರೆಯುತ್ತಿದ್ದಾಗ ಹೀಗೆಲ್ಲ ಆಗುತ್ತಿರಲಿಲ್ಲ ಎಂದು ಅವಳಿಗೆ ಕೇಳುವ ಹಾಗೆಯೇ ಗೊಣಗುವುದು. ಅವಳು ತಿರುಗಿಯೂ ನೋಡುತ್ತಿರಲಿಲ್ಲ.

ಅವಳು ಏನು ಮಾಡಿದಳೆಂದರೆ, ಮೂರು ಸುಳ್ಳು ಮನೆಗಳನ್ನು ಸೃಷ್ಟಿಸಿ ಅ, ಆ, ಇ ಎಂದು ಹೆಸರಿಟ್ಟಳು. ಅ ಮನೆಯ ಎಡಕ್ಕೆ ಆ ಮನೆ, ಆ ಮನೆಯ ಎಡಕ್ಕೆ ಇ ಮನೆ, ಇ ಮನೆಯ ಎಡಕ್ಕೆ ಮತ್ತೆ ಅ ಮನೆ. ಅದನ್ನು ಟೆಂಪ್ಲೇಟಿಗೆ ಹಾಕಿದಳು. ಮೂರು ಚೀಟಿ ಹೂವಿನ ಹಾಗೆ ಬಂದವು. ಅಂದರೆ ಬಿಲ್ಲೆ ಸರಿಯಾಗಿದೆ, ಕಲ್ಲಿರುವುದು ಹಿಟ್ಟಿನಲ್ಲಿ. ಆಮೇಲೆ ಊರನ್ನು ಬೀದಿಬೀದಿಯಾಗಿ ಬೇರೆ ಮಾಡಿ ಹಾಕುತ್ತ ಹೋದಳು. ಕೆರೆಬೀದಿ ಬಂತು, ಗುಡಿಬೀದಿ ಬಂತು, ಹುಣಸೆಮರದ ಬೀದಿಗೆ ಬರುತ್ತಲೇ ನಿಂತುಹೋಯಿತು. ಆ ಬೀದಿಯ ಮನೆಗಳನ್ನು ಒಂದೊಂದಾಗಿ ಹಾಕಿದಳು. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಆರಿಸಿ ಆರಿಸಿ ಕೊನೆಗೆ ಒಂದು ಮನೆಯ ಮುಂದೆ ಬಂದು ನಿಂತಳು.  ನಾನು ಯಾರ ಮನೆ ಎಂದು ಕೇಳಿದೆ.

"ಭಾಗೀರಥಮ್ಮನೋರದು," ಎಂದಳು.

ಈಗ ಭಾಗೀರಥಮ್ಮನ ಕಥೆ ಹೇಳಬೇಕು, ಇಲ್ಲದಿದ್ದರೆ ಉಳಿದದ್ದು ತಿಳಿಯುವುದಿಲ್ಲ. ಅವಳಿಗೆ ನಳಿನಿ ಎಂದು ಒಬ್ಬಳೇ ಮಗಳು. ಗಂಡ ಹೋದ ಮೇಲೆ ಹೊಲಿಗೆಯಲ್ಲೇ ಬೆಳೆಸಿದಳು. ಒಂದು ಸಲ ಮದುವೆ ಮನೆಗಳಲ್ಲಿ ಊದುವ ಬ್ಯಾಂಡ್‌ಸೆಟ್ಟಿನವರು ಕೆಂಪು ಕೋಟು ಹೊಲಿಸಲು ಬಂದರು. ಭಾಗೀರಥಮ್ಮ ಅಳತೆ ಹಿಡಿದು ಹೇಳುವುದು, ನಳಿನಿ ಬರೆದುಕೊಳ್ಳುವುದು. ಕ್ಲಾರಿಯೋನೆಟ್ ಊದುವ ಜಯಶೀಲ ಎಂಬ ಹುಡುಗನ ಕೋಟು ಮಾತ್ರ ಒಂದು ಸಲ ಬಿಗಿಯಾಯಿತು, ಒಂದು ಸಲ ಸಡಿಲವಾಯಿತು, ಅವನು ಬಂದದ್ದೇ ಬಂದದ್ದು. ಕೊನೆಗೆ ಇಬ್ಬರೂ ಗುಡಿಯಲ್ಲಿ ಹಾರ ಹಾಕಿಕೊಂಡು ಬಂದು ನಿಂತರು. ಅಳತೆ ತೆಗೆದವಳು ಅಮ್ಮ, ಮೆಚ್ಚಿಕೊಂಡವಳು ಮಗಳು ಎಂದು ಊರು ನಕ್ಕಿತು. ಊರು ನಕ್ಕಿದ್ದೇ ಭಾಗೀರಥಮ್ಮನಿಗೆ ಸಹಿಸಲಾಗಲಿಲ್ಲ. ತನ್ನ ಕಣ್ಣೆದುರಿಗೇ, ತನ್ನ ಟೇಪಿನ ಎರಡು ತುದಿಯಲ್ಲೇ ನಡೆದದ್ದು ತನಗೇ ಕಾಣಲಿಲ್ಲವಲ್ಲ ಎಂಬ ಅವಮಾನ. ಬಾಗಿಲು ಹಾಕಿಕೊಂಡಳು. ನನಗೆ ಮಗಳೇ ಇಲ್ಲ ಎಂದಳು. ಆಮೇಲಿನ ವರ್ಷಗಳಲ್ಲೆಲ್ಲ ಅವರಿಬ್ಬರ ಮನೆ ಊರಿನ ಎರಡು ಕೊನೆಯಲ್ಲಿ ಬೀಳುತ್ತಿತ್ತು, ಹಾಗಾಗಿ ನಡೆದುಹೋಯಿತು. ಈ ವರ್ಷದ ಗುಡುಗಿಗೆ ನಳಿನಿಯ ಮನೆ ಎದ್ದು ಬಂದು ಹುಣಸೆಮರದ ಬೀದಿಯಲ್ಲಿ ಭಾಗೀರಥಮ್ಮನ ಎಡಗೋಡೆಗೆ ಆತು ಕೂತಿತ್ತು. ಮನೆಗಳಿಗಿರುವ ಬುದ್ಧಿ ಮನುಷ್ಯರಿಗಿಲ್ಲ ಎಂದು ನಾನು ಸುಮ್ಮನೆ ಹೇಳುತ್ತೇನೆಯೇ.

ನಳಿನಿಗೆ ದಿನ ತುಂಬಿತ್ತು. ಜಯಶೀಲ ಮದುವೆ ಸೀಸನ್ನಿಗೆ ಬ್ಯಾಂಡಿನ ಜೊತೆ ದೂರದ ಊರುಗಳಿಗೆ ಹೋದವನು ಇನ್ನೂ ಬಂದಿರಲಿಲ್ಲ.

ಸುಗುಣಳ ಫಾರಂನಲ್ಲಿ ಎಡಮನೆಯವರ ಹೆಸರು ಕೇಳುವ ಮೊದಲು ಇನ್ನೊಂದು ಪ್ರಶ್ನೆ ಇತ್ತು. ನಿಮ್ಮ ಎಡಕ್ಕೆ ಮನೆ ಇದೆಯೇ? ಇದೆ, ಇಲ್ಲ. ಬಾಗಿಲಲ್ಲಿ ನಿಂತು ಒಮ್ಮೆಗೇ ಹೆಸರು ಕೇಳುವುದು ಒರಟು ಎಂದು ಮರ್ಯಾದೆಗಾಗಿ ಅದನ್ನು ಹಾಕಿದ್ದಳು. ನಮ್ಮೂರಿನಲ್ಲಿ ಎಡಕ್ಕೆ ಮನೆ ಇಲ್ಲ ಎನ್ನುವವರು ಹುಟ್ಟಿಯೇ ಇಲ್ಲ. ಇಲ್ಲ ಎಂದರೆ ಏನಾಗಬೇಕು ಎಂದು ಅವಳು ಯೋಚಿಸಿಯೂ ಇರಲಿಲ್ಲ. ಮೇಷ್ಟರು ಹೋದಾಗ ಭಾಗೀರಥಮ್ಮ ಮಷೀನಿನಿಂದ ತಲೆಯೆತ್ತದೆ ಇಲ್ಲ ಎಂದಿದ್ದಳು. ಎಡಗಡೆ ಮನೆ ಎದ್ದು ಕಾಣುತ್ತಿತ್ತು, ಆದರೆ ಮನೆಯವರ ಬಾಯಿಂದ ಬಂದದ್ದನ್ನೇ ಬರೆಯಬೇಕೆಂಬುದು ಎಣಿಕೆಯ ಮೊದಲ ನಿಯಮ. ಮೇಷ್ಟರು ಇಲ್ಲ ಎಂದು ಒತ್ತಿದರು, ಹೆಸರಿನ ಪ್ರಶ್ನೆ ಮಾಯವಾಗಿ ಮುಂದಿನದು ಬಂತು, ಅವರು ಮುಂದಕ್ಕೆ ಹೋದರು. ಇತ್ತ ಟೆಂಪ್ಲೇಟ್ ಒಬ್ಬರ ಎಡ ಹಿಡಿದು, ಅವರ ಎಡ ಹಿಡಿದು, ಊರು ಸುತ್ತಿಕೊಂಡು ಬರುವಾಗ ಭಾಗೀರಥಮ್ಮನ ಹತ್ತಿರ ಹಿಡಿಯಲು ಕೈ ಸಿಗದೆ ನಿಂತುಬಿಟ್ಟಿತ್ತು.

ವಿಷಯ ತಿಳಿದು ಪರಶಿವಯ್ಯನವರು ಅಂಗಡಿಗೇ ಬಂದರು. ಕೆಟ್ಟವರಲ್ಲ, ಆದರೆ ಊರಿನ ಗೋಳು ಕೇಳಿ ಕೇಳಿ ಸಾಕಾಗಿತ್ತು. ಟ್ಯಾಬಿನಲ್ಲಿ ಮನೆ ಕೂತ ಜಾಗ ದಾಖಲಾಗಿರುತ್ತದಲ್ಲ, ಅದನ್ನು ನೋಡಿ ಮಗಳ ಹೆಸರು ನೀವೇ ತುಂಬಿಬಿಡಿ ಎಂದರು. ಸುಗುಣ ಆಗುವುದಿಲ್ಲ ಎಂದಳು. ಬಾಯಿಬಿಟ್ಟು ಒಪ್ಪದ ಬಲಮನೆ ಬಲಮನೆಯೇ ಅಲ್ಲ, ನಾನು ಬರೆದುಕೊಟ್ಟರೆ ಆ ಹೆಂಗಸು ಎದ್ದು ಗಾಡಿ ಹತ್ತುತ್ತಾಳೆಯೇ ಎಂದು ಕೇಳಿದಳು. ಪರಶಿವಯ್ಯನವರು ತಲೆ ಕೆರೆದುಕೊಂಡು, ಹಾಗಾದರೆ ಆ ಎರಡು ಮನೆಯನ್ನು ಈ ವರ್ಷಕ್ಕೆ ಬಿಟ್ಟು ಅಕ್ಕಪಕ್ಕದವರನ್ನು ಸೇರಿಸಿ ಚೀಟಿ ತೆಗೆಯಿರಿ ಎಂದರು.

"ಎರಡು ಮಣಿ ಬಿಟ್ರೆ ಸರ ಏನೂ ಹರಿಯಲ್ಲ, ಸುಗುಣಮ್ಮ," ಎಂದರು ಅವರು. "ಊರೆಲ್ಲ ಕಾಯ್ತಾ ಇದೆ."

"ಆ ಹುಡುಗೀಗೆ ಇವತ್ತೋ ನಾಳೆನೋ ಅನ್ನೋ ಹಾಗಿದೆ ಸಾರ್," ಎಂದಳು ಸುಗುಣ. "ಬಲ ಇಲ್ಲದೆ ಯಾರ ಕೈ ಹಿಡ್ಕೊಂಡು ಹೆರಬೇಕು ಅವಳು?"

ಪರಶಿವಯ್ಯನವರು, ನಾಳೆ ಸಂಜೆಯವರೆಗೆ ಕಾಯುತ್ತೇನೆ, ಆಮೇಲೆ ಬಿಟ್ಟೇ ತೆಗೆಯಬೇಕು ಎಂದು ಹೇಳಿ ಹೋದರು. ಅಂಗಡಿಯ ಮುಂದಿದ್ದವರಲ್ಲಿ ಅರ್ಧ ಜನ ಅದೇ ಸರಿ ಎಂದರು.  ಹಲ್ಲುನೋವಿನ ಮುದುಕರು ಮಾತ್ರ, ನನ್ನ ಹಲ್ಲು ನಾಳೆಯವರೆಗೆ ತಡೆದೀತು ಎಂದರು.

ಅಂದೇ ಮಧ್ಯಾಹ್ನ ಸುಗುಣ ಹುಣಸೆಮರದ ಬೀದಿಗೆ ಹೋದಳು. ಮೊದಲು ಭಾಗೀರಥಮ್ಮನ ಬಾಗಿಲಿಗೆ. ಫಾರಂ ಇನ್ನೊಂದು ಸಲ ನೋಡಿಕೊಳ್ಳಬೇಕು ಎಂದದ್ದಕ್ಕೆ ಭಾಗೀರಥಮ್ಮ, ನಾನು ಹೇಳಿದ್ದನ್ನು ಮೇಷ್ಟರು ಸರಿಯಾಗಿಯೇ ಬರೆದುಕೊಂಡಿದ್ದಾರೆ, ಇನ್ನೇನು ನೋಡುವುದು ಎಂದು ಸೂಜಿಗೆ ದಾರ ಪೋಣಿಸುತ್ತಲೇ ಕೇಳಿದಳಂತೆ. ಎಡಕ್ಕೆ ಮನೆ ಇದೆಯಲ್ಲಮ್ಮ ಎಂದರೆ, ನನ್ನ ಕಣ್ಣಿಗೆ ಕಾಣುವುದಿಲ್ಲ ಎಂದಳಂತೆ. ಹಠಕ್ಕೆ ಬಿದ್ದ ಹೆಂಗಸಿನ ಮುಂದೆ ಯಾವ ನಿಯಮ ನಡೆಯುತ್ತದೆ.

ಆಮೇಲೆ ಪಕ್ಕದ ಬಾಗಿಲಿಗೆ ಹೋದಳು. ನಳಿನಿ ಹೊಸ್ತಿಲ ಒಳಗೆ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಪಾದ ಬಾತುಕೊಂಡಿತ್ತು. ಸುಗುಣ ಹೊರಗೇ ಜಗಲಿಯ ಮೇಲೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹುಡುಗಿ ಅಳಲಿಲ್ಲ. ಅಮ್ಮ ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು ಎಂದಳು. ಸುಗುಣ ಎದ್ದು ಹೊರಟಾಗ ಕರೆದು ಇಷ್ಟು ಹೇಳಿದಳು:

"ಅಕ್ಕ, ಒಂದು ವಿಷಯ. ಇಡೀ ದಿನ ಗೋಡೆ ಆಚೆ ಮಷೀನ್ ತುಳಿಯೋ ಸದ್ದು ಕೇಳ್ತಿರುತ್ತೆ. ನಾನು ಕೆಮ್ಮಿದ್ರೆ ಮಷೀನ್ ನಿಲ್ಲುತ್ತೆ. ಬೇಕೂಂತ ಕೆಮ್ಮಿ ನೋಡಿದೀನಿ. ಆಗ್ಲೂ ನಿಲ್ಲುತ್ತೆ."

ಸುಗುಣ ಅಂಗಡಿಗೆ ವಾಪಸು ಬಂದು ಮೂಲೆಯ ಸ್ಟೂಲಿನ ಮೇಲೆ ಕೂತವಳು ಲ್ಯಾಪ್‌ಟಾಪ್ ತೆರೆಯಲೇ ಇಲ್ಲ. ನಾನು ಯಾರದೋ ಆಧಾರ್ ಕಾರ್ಡು ಝೆರಾಕ್ಸ್ ಮಾಡುತ್ತಿದ್ದೆ. ಇದ್ದಕ್ಕಿದ್ದಂತೆ ಅವಳು, ಅಣ್ಣ, ನಾವು ಚಿಕ್ಕವರಿದ್ದಾಗ ಎಣಿಕೆಯವರು ಬಂದರೆ ಏನು ಕೇಳುತ್ತಿದ್ದರು, ನಿಮಗೆ ನೆನಪಿದೆಯೇ ಎಂದಳು. ನನಗೆ ನೆನಪಿರಲಿಲ್ಲ. ಅವಳಿಗಿತ್ತು. ಆಗ ಮನೆ ಇದೆಯೇ ಎಂದೂ ಕೇಳುತ್ತಿರಲಿಲ್ಲ, ಹೆಸರೇನು ಎಂದೂ ಕೇಳುತ್ತಿರಲಿಲ್ಲ. ಎಡಗೋಡೆಯಿಂದ ಏನು ಕೇಳಿಸುತ್ತದವ್ವ ಎಂದು ಕೇಳುತ್ತಿದ್ದರು. ಅವಳ ಅಮ್ಮ ಒಲೆಯ ಮುಂದೆಯೇ ಕೂತು, ಒರಳು ರುಬ್ಬುವ ಸದ್ದು, ಮುದುಕಪ್ಪನ ಗೊರಕೆ, ಎಂದು ಹೇಳುತ್ತಿದ್ದಳಂತೆ. ಕೇಳಿಸಿದ್ದು ಹೇಳಿದರೆ ಸಾಕು, ಒಪ್ಪಿಕೊಂಡ ಹಾಗೆ. ಸದ್ದನ್ನು ಲೆಕ್ಕಕ್ಕೆ ಹಿಡಿಯುವುದು ಹೇಗೆ ಎಂದು ಟ್ಯಾಬಿನ ಫಾರಂ ಮಾಡುವಾಗ ಆ ಪ್ರಶ್ನೆಯನ್ನು ತೆಗೆದವಳು ಸುಗುಣಳೇ.

"ಇದೆಯಾ ಇಲ್ವಾ ಅಂತ ಕೇಳಿದ್ರೆ ಯಾರು ಬೇಕಾದ್ರೂ ಇಲ್ಲ ಅನ್ಬೋದು," ಎಂದಳು. "ಏನು ಕೇಳ್ಸುತ್ತೆ ಅಂದ್ರೆ ಸುಳ್ಳು ಹೇಳೋದು ಕಷ್ಟ."

ಅಲ್ಲೇ ಕೂತು ಫಾರಂ ತಿದ್ದಿದಳು. ಹಳೆಯ ಪ್ರಶ್ನೆಯನ್ನು ಮತ್ತೆ ತಂದಳು, ಉತ್ತರಕ್ಕೆ ಎಷ್ಟು ಬೇಕಾದರೂ ಬರೆಯುವಂತೆ ಜಾಗ ಬಿಟ್ಟಳು. ಟೆಂಪ್ಲೇಟಿನಲ್ಲೂ ಬದಲಿಸಿದಳು. ಹೆಸರಿದ್ದರೆ ಹೆಸರು ಬರಲಿ, ಹೆಸರಿಲ್ಲದಿದ್ದರೆ ಗೋಡೆಯಾಚೆಯವರ ಚೀಟಿಯಲ್ಲಿ ಬಲಮನೆಯವರು ಹೇಳಿದ ಸದ್ದು ಬರಲಿ. ಗೋಡೆ ಯಾರದೆಂದು ಟ್ಯಾಬಿಗೆ ಗೊತ್ತೇ ಇದೆ. ಅ, ಆ, ಇ ಮನೆಗಳನ್ನು ಹಾಕಿ ನೋಡಿದಳು, ಚೀಟಿ ಬಂದವು. ಇ ಮನೆಯ ಗೋಡೆಯಲ್ಲಿ ನನ್ನ ಹೆಂಡತಿಯ ಬೈಗುಳ ಕೇಳಿಸುತ್ತದೆ ಎಂದು ನಾನೇ ಹೇಳಿ ಬರೆಸಿದೆ.

ಮರುದಿನ ಬೆಳಗ್ಗೆ ಅವಳು ಮತ್ತೆ ಹುಣಸೆಮರದ ಬೀದಿಗೆ ಹೊರಟಳು. ನಾನೂ ಅಂಗಡಿಗೆ ಬೀಗ ಹಾಕಿ ಜೊತೆಗೆ ಹೋದೆ. ನನಗೆ ಅಲ್ಲಿ ಕೆಲಸವಿರಲಿಲ್ಲ, ಆದರೆ ಅಂಗಡಿಯಲ್ಲಿ ಕೂತಿರಲು ಮನಸ್ಸಾಗಲಿಲ್ಲ. ಭಾಗೀರಥಮ್ಮ ಮಷೀನಿನ ಮುಂದೆ ಕೂತಿದ್ದಳು. ಮಷೀನನ್ನು ಎಡಗೋಡೆಗೆ ತೀರ ಹತ್ತಿರ ಎಳೆದುಕೊಂಡಿದ್ದಳು. ಕಿಟಕಿಯ ಬೆಳಕು ಇರುವುದು ಬಲಗಡೆ, ಯಾವ ಟೈಲರ್ ಆದರೂ ಅಲ್ಲಿ ಕೂರುತ್ತಾನೆ. ಇದನ್ನು ನಾನು ನೋಡಿದೆ, ಸುಗುಣಳೂ ನೋಡಿದಳು.

ಮತ್ತೆ ಬಂದೆಯಾ, ನಿನಗೆ ಬೇರೆ ಕೆಲಸವಿಲ್ಲವೇ ಎಂದು ಭಾಗೀರಥಮ್ಮ ಬೈದಳು. ಕಚೇರಿಯಲ್ಲಿ ಊಟ ಮಾಡಲಿಕ್ಕೂ ಬಿಡುವುದಿಲ್ಲವೇ, ಮುಖ ನೋಡು ಹೇಗೆ ಬಾಡಿದೆ ಎಂದು ಅದನ್ನೂ ಬೈದಳು. ಸುಗುಣ ಟ್ಯಾಬ್ ತೆರೆದು, ಫಾರಂ ಬದಲಾಗಿದೆಯಮ್ಮ, ಒಂದೇ ಪ್ರಶ್ನೆ, ಹಳೆ ಕಾಲದ್ದು ಎಂದಳು. ಆಮೇಲೆ ಎಣಿಕೆಯವರು ಕೇಳುವ ಹಾಗೆಯೇ, ಯಾವ ಒತ್ತಾಯವೂ ಇಲ್ಲದ ದನಿಯಲ್ಲಿ ಕೇಳಿದಳು:

"ನಿಮ್ಮ ಎಡಗೋಡೆಯಿಂದ ಏನು ಕೇಳ್ಸುತ್ತೆ?"

ಮಷೀನು ಓಡುತ್ತಲೇ ಇತ್ತು. ಒಂದು ಲಂಗದ ಅಂಚು ಪೂರ್ತಿ ಹೊಲಿದು ಮುಗಿಯಿತು. ಭಾಗೀರಥಮ್ಮ ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸಿದಳು, ಲಂಗ ಮಡಿಚಿದಳು, ಮತ್ತೆ ಬಿಡಿಸಿದಳು. ಸುಗುಣ ಕಾದಳು. ನಾನು ಬಾಗಿಲ ಹೊರಗೆ ನಿಂತಿದ್ದೆ.

"ಕೊಡ ಎಳೆಯೋ ಸದ್ದು ಕೇಳ್ಸುತ್ತೆ," ಎಂದಳು ಭಾಗೀರಥಮ್ಮ. ಗೋಡೆಯನ್ನೇ ನೋಡುತ್ತ ಹೇಳುತ್ತಿದ್ದಳು. "ಬೆಳಗ್ಗೆ. ಎತ್ತಕ್ಕಾಗಲ್ಲ, ನೆಲದ ಮೇಲೆ ಎಳ್ಕೊಂಡ್ ಹೋಗ್ತಾಳೆ. ಒಗ್ಗರಣೆ ಸದ್ದು ಮೊದಲು ಎರಡು ಹೊತ್ತು ಕೇಳ್ತಿತ್ತು, ಈಗ ಒಂದೇ ಹೊತ್ತು. ಮಧ್ಯಾಹ್ನ ತಿಂತಾಳೋ ಇಲ್ವೋ, ತಟ್ಟೆ ಸದ್ದಿಲ್ಲ. ಸಾಯಂಕಾಲ ಒಬ್ಳೇ ಮಾತಾಡ್ಕೋತಾಳೆ, ಹೊಟ್ಟೇಲಿರೋದರ ಜೊತೆ ಇರ್ಬೇಕು. ಅವನು ಊದೋ ಹಾಡು ಗುನುಗ್ತಾಳೆ. ಸ್ವರ ತಪ್ಪು. ಚಿಕ್ಕೋಳಿದ್ದಾಗ್ಲೂ ಹಂಗೇ. ಅಂಗಾತ ಮಲಗಿದ್ರೆ ಕೆಮ್ಮು ಬರುತ್ತೆ, ಮಗ್ಗುಲಾಗಿ ಮಂಚ ಕಿರ್ ಅಂದ್ರೆ ನಿಲ್ಲುತ್ತೆ. ಅಂಗಾತ ಮಲಗ್ಬೇಡ ಅಂತ ಹೇಳೋರಿಲ್ಲ ಅವಳಿಗೆ. ಮೊನ್ನೆ ಏನೋ ದಡಾರ್ ಅಂತ ಬಿತ್ತು. ಬಿದ್ದಿದ್ದು ಪಾತ್ರೆನೋ ಅವಳೋ ಗೊತ್ತಾಗ್ಲಿಲ್ಲ. ಗೋಡೆಗೆ ಕಿವಿ ಇಟ್ಕೊಂಡ್ ಕೂತಿದ್ದೆ. ಥೂ ಹಾಳಾದ್ ಚೆಂಬು ಅಂದ್ಲು. ಆಗ ನನಗೆ ಜೀವ ಬಂತು."

ಸುಗುಣಳ ಬೆರಳು ಓಡುತ್ತಿತ್ತು, ಮಾತಿನ ಹಿಂದೆ ಬೀಳಬಾರದೆಂದು. ಭಾಗೀರಥಮ್ಮ ತಿರುಗಿ ನೋಡಿ ಇನ್ನೂ ಒಂದು ಮಾತು ಹೇಳಿದಳು. ಅದನ್ನು ಆಮೇಲೆ ಹೇಳುತ್ತೇನೆ. ಸೆರಗಿನಲ್ಲಿ ಮುಖ ಒರೆಸಿಕೊಂಡು, ಸಾಕು, ಹೋಗು, ನನಗೆ ಕೆಲಸವಿದೆ ಎಂದಳು.

ಅಂಗಡಿಗೆ ಬಂದು ಗುಂಡಿ ಒತ್ತಿದೆವು. ಎಷ್ಟೋ ದಿನದಿಂದ ಪೂರ್ತಿ ಊರಿನ ಚೀಟಿ ಕಾಣದೆ ಕೂತಿದ್ದ ನನ್ನ ಪ್ರಿಂಟರು ಕರಕರ ಎಂದು ಶುರುವಾಯಿತು. ಕೆರೆಬೀದಿ, ಗುಡಿಬೀದಿ, ಹುಣಸೆಮರದ ಬೀದಿ, ಒಂದೂ ನಿಲ್ಲದೆ ಊರು ಸುತ್ತಿ ಬಂದು ಬಳೆ ಕೂಡಿಕೊಂಡಿತು. ಹೊರಗಿದ್ದವರು ಚೀಟಿ ಕಿತ್ತುಕೊಂಡು ಓಡಿದರು. ಅಂಟಿಗೂ ಕಾಯದೆ ಅನ್ನದ ಅಗುಳಿನಲ್ಲೇ ಅಂಟಿಸಿಕೊಂಡರಂತೆ ಕೆಲವರು. ಪರಶಿವಯ್ಯನವರು ಬಂದು ನೋಡಿ, ಏನು ಮಾಡಿದಿರೋ ಕೇಳುವುದಿಲ್ಲ ಎಂದು ಎಲ್ಲರಿಗೂ ಟೀ ಹೇಳಿದರು.

ನಳಿನಿಯ ಚೀಟಿ ಮಾತ್ರ ಸರಿಯಾಗಿ ಬರಲಿಲ್ಲ. ಬಲಮನೆ ಎಂಬ ಚೌಕ ಒಂದು ಹೆಸರು ಹಿಡಿಯುವಷ್ಟೇ ಇದ್ದದ್ದು. ಕೊಡ ಎಳೆಯೋ ಸದ್ದು ಕೇಳ್ಸುತ್ತೆ, ಬೆಳಗ್ಗೆ, ಎಂಬಲ್ಲಿಗೆ ತುಂಡಾಗಿ ಉಳಿದದ್ದೆಲ್ಲ ಹೋಗಿತ್ತು. ಇಷ್ಟು ಸಾಕಲ್ಲವೇ ಎಂದು ನಾನು ಕೇಳಿದೆ. ಸಾಕಾಗುವುದಿಲ್ಲ ಎಂದಳು ಸುಗುಣ. ಚೌಕದ ಎತ್ತರ ಕಟ್ಟಿಹಾಕಿದ್ದನ್ನು ಬಿಚ್ಚಿ, ಮಾತು ಬೆಳೆದಷ್ಟೂ ಬೆಳೆಯುವಂತೆ ಮಾಡಿದಳು. ಮತ್ತೆ ತೆಗೆದರೆ ಚೀಟಿ ಒಂದು ಹಾಳೆ ಮುಗಿದು ಎರಡನೆಯದಕ್ಕೆ ಇಳಿಯಿತು. ನಾನು ಎರಡನ್ನೂ ಸೇರಿಸಿ ಅಂಟಿಸಿದೆ. ಅಂಗೈಯಗಲದ ಚೀಟಿಗಳ ಊರಿನಲ್ಲಿ ಅದೊಂದು ಮೊಳದುದ್ದವಾಯಿತು.

ನಾವಿಬ್ಬರೇ ಅದನ್ನು ತೆಗೆದುಕೊಂಡು ಹೋದೆವು. ಬೀದಿಯ ತುಂಬ ಜನ ಬಟ್ಟಲು ಹಿಡಿದು ಓಡಾಡುತ್ತಿದ್ದರು, ಹಲ್ಲುನೋವಿನ ಮುದುಕರು ಲವಂಗ ಕಚ್ಚಿಕೊಂಡು ಕೈ ಬೀಸಿದರು. ನಳಿನಿಯ ಬಾಗಿಲಿಗೆ ನಾನು ಅಂಟು ಹಚ್ಚಿದೆ, ಸುಗುಣ ಚೀಟಿ ಒತ್ತಿ ಹಿಡಿದಳು. ನಳಿನಿ ಬಾಗಿಲ ಚೌಕಟ್ಟು ಹಿಡಿದು ಮೆಲ್ಲಗೆ ಎದ್ದು ನಿಂತು ಓದತೊಡಗಿದಳು. ಮೊದಲು ಜೋರಾಗಿಯೇ ಓದಿದಳು. ಕೊಡ, ಒಗ್ಗರಣೆ, ತಟ್ಟೆ. ಸ್ವರ ತಪ್ಪು ಎಂಬಲ್ಲಿ ತಡೆದಳು. ಹಾಳಾದ್ ಚೆಂಬಿಗೆ ಬಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೊನೆಯ ಸಾಲಿಗೆ ಬಂದು ನಿಂತುಬಿಟ್ಟಳು.

ಮನೆಯವರ ಬಾಯಿಂದ ಬಂದದ್ದನ್ನೇ ಬರೆಯಬೇಕೆಂಬುದು ಎಣಿಕೆಯ ನಿಯಮ ಎಂದು ಹೇಳಿದೆನಲ್ಲ. ಸುಗುಣ ಒಂದು ಮಾತೂ ಬಿಟ್ಟಿರಲಿಲ್ಲ. ಚೀಟಿಯ ಕೊನೆಯಲ್ಲಿ ಹೀಗಿತ್ತು: ಇದನ್ನೆಲ್ಲ ಬರ್ಕೋಬೇಡ ಕಣೇ ಸುಗುಣ, ಅವಳು ಓದ್ತಾಳೆ.

ನಳಿನಿ ಆ ಸಾಲನ್ನು ದನಿ ಇಲ್ಲದೆ ಮತ್ತೆ ಮತ್ತೆ ಓದುತ್ತಿದ್ದಳು, ತುಟಿ ಅಲುಗುವುದು ಕಾಣುತ್ತಿತ್ತು. ಪಕ್ಕದ ಮನೆಯ ಮಷೀನಿನ ಸದ್ದು ಯಾವಾಗ ನಿಂತಿತೋ ನಾವು ಗಮನಿಸಿರಲಿಲ್ಲ. ಭಾಗೀರಥಮ್ಮ ಬಂದು ನಿಂತಿದ್ದಳು, ಕೊರಳಲ್ಲಿ ಟೇಪು ಹಾಗೆಯೇ ಇತ್ತು. ಚೀಟಿಯನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಸುಗುಣಳನ್ನು ಒಂದು ಸಲ ನೋಡಿದಳು. ಬೈಯುತ್ತಾಳೆ ಎಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಬೈಯಲಿಲ್ಲ.

"ಅಮ್ಮ," ಎಂದಳು ನಳಿನಿ, "ಅಂಗಾತ ಮಲಗ್ಬಾರ್ದಾ?"

ಭಾಗೀರಥಮ್ಮ ಹೊಸ್ತಿಲು ದಾಟಿದಳು. ಮಗಳ ತೋಳು ಹಿಡಿದು ಒಳಕ್ಕೆ ನಡೆಸಿದಳು. ಕೊಡ ಎಲ್ಲಿಟ್ಟಿದ್ದೀಯ ಎಂದು ಕೇಳಿದ್ದು ಕೇಳಿಸಿತು. ಬಾಗಿಲು ತೆರೆದೇ ಇತ್ತು, ಆದರೂ ನಾವು ಒಳಗೆ ನೋಡಲಿಲ್ಲ. ನಾನು ಅಂಟಿನ ಡಬ್ಬ ಹಿಡಿದು, ಸುಗುಣ ಟ್ಯಾಬನ್ನು ಎದೆಗೆ ಅವುಚಿಕೊಂಡು, ಬೀದಿಯಲ್ಲೇ ನಿಂತು ಕಿವಿಗೊಟ್ಟೆವು. ಒಳಗೆ ನೀರು ತುಳುಕಿತು. ಕೊಡ ಎಳೆಯುವ ಸದ್ದು ಬರಲಿಲ್ಲ.